ಅಮ್ಮನ ಜಾಗಕ್ಕಾಗಿ ಅಪ್ಪ ಕೊಟ್ಟ ಮಾತು

ನನ್ನ ಅಪ್ಪ ಸಾವೇರನ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದರೆ ಮಗಳಾದ ನನಗೆ ಈಗಲೂ ಅರ್ಧ ಸಂತೋಷ, ಅರ್ಧ ಸಿಟ್ಟು. ಸಂತೋಷ ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಿಟ್ಟು ಯಾಕೆಂದರೆ, ಅವನ ಒಳ್ಳೆಯತನದ ಭಾರ ಬಿದ್ದದ್ದು ನನ್ನ ಅಮ್ಮನ ಮೇಲೆ. ಅದೂ ಅವಳು ಸತ್ತ ಮೇಲೆ.

ನಾವು ಘಟ್ಟದ ಕೆಳಗಿನವರು, ಹೊನ್ನಾವರದ ಕಡೆಯ ಕೊಂಕಣಿ ಕ್ರಿಸ್ತುವರು. ಅಪ್ಪ ಹರೆಯದಲ್ಲೇ ಗರಗಸ ಹೊತ್ತು ಘಟ್ಟ ಹತ್ತಿದ್ದ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುವಾಗ ಅಟ್ಟಣಿಗೆಗೆ ಹಲಗೆ ಕೊಯ್ದ. ಕೆಲಸ ಮುಗಿದು ಜನ ಚದುರಿದಾಗ ನಮ್ಮವರ ಒಂದಷ್ಟು ಮನೆಗಳು ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಒಳಗೆ, ಬೋಗಿಹಕ್ಲು ಎಂಬಲ್ಲಿ ನಿಂತವು. ಶರಾವತಿ ಹಿನ್ನೀರಿನಲ್ಲಿ ಮನೆ ಗದ್ದೆ ಕಳೆದುಕೊಂಡ ದೀವರ ಕುಟುಂಬಗಳೂ ಅಲ್ಲಿಗೇ ಬಂದು ಸೇರಿದ್ದವು. ಅಣೆಕಟ್ಟು ಕಟ್ಟಿದವರೂ ಅದರಿಂದ ಮುಳುಗಿದವರೂ ಒಂದೇ ಬಾವಿಯ ನೀರು ಕುಡಿಯುತ್ತಿದ್ದೆವು. ಜಗಳವನ್ನೂ ಆ ಬಾವಿಕಟ್ಟೆಯಲ್ಲೇ ಆಡುತ್ತಿದ್ದೆವು.

ಅಪ್ಪ ನಮ್ಮ ಕೇರಿಯ ಗುರ್ಕಾರ. ಗುರ್ಕಾರನೆಂದರೆ ಸಂಬಳವಿಲ್ಲದ ಯಜಮಾನಿಕೆ. ಇಗರ್ಜಿ ಇರುವುದು ಸಾಗರದಲ್ಲಿ. ಪಾದ್ರಿಗಳು ನಮ್ಮಲ್ಲಿಗೆ ಬರುವುದು ಅವರಿಗೆ ಪುರಸೊತ್ತಾದಾಗ. ಉಳಿದಂತೆ ಸಂಜೆಯ ಜಪಸರ ನಡೆಸುವುದು, ಗಂಡ ಹೆಂಡಿರ ಜಗಳ ಬಿಡಿಸುವುದು, ತೆನೆ ಹಬ್ಬಕ್ಕೆ ಮನೆಮನೆಯಿಂದ ಅಕ್ಕಿ ಎತ್ತುವುದು, ಹೆಣಕ್ಕೆ ಪೆಟ್ಟಿಗೆ ಮಾಡುವುದು, ಎಲ್ಲವೂ ಗುರ್ಕಾರನ ತಲೆಗೆ. ಕೇರಿಯ ಪರವಾಗಿ ಮಾತು ಕೊಡುವವನೂ ಅವನೇ. ಹಿಂದಿನ ಚುನಾವಣೆಗಳಲ್ಲಿ ಕೆಲಸ ಕೊಡುವ ಗುತ್ತಿಗೆದಾರ ಅಪ್ಪನಿಗೆ ಹೇಳುತ್ತಿದ್ದ, ಅಪ್ಪ ಕೇರಿಗೆ ಹೇಳುತ್ತಿದ್ದ, ಕೇರಿ ಹೋಗಿ ಮುದ್ರೆ ಒತ್ತಿ ಬರುತ್ತಿತ್ತು. ನಾವು ಹೊರಗಿನಿಂದ ಬಂದವರು, ಊರಿನ ಉಸಾಬರಿ ನಮಗೆ ಯಾಕೆ ಎನ್ನುವುದು ನಮ್ಮವರ ಒಟ್ಟು ರಾಜಕೀಯ.

ಅಮ್ಮ ಸತ್ತದ್ದು ಆಷಾಢದಲ್ಲಿ. ಹೆಸರು ಮೊನ್ನಿಕಾ. ಅಪ್ಪ ತಾನೇ ಹಲಸಿನ ಹಲಗೆ ಕೊಯ್ದು ಪೆಟ್ಟಿಗೆ ಮಾಡಿದ. ಗಂಡಸರು ಹೆಗಲು ಕೊಟ್ಟು ಸಾಗರಕ್ಕೆ ಹೊರಟರು. ಹಳ್ಳದ ಹತ್ತಿರ ಹೋದರೆ ದಾಟುವ ಕಾಲುಸಂಕ ಕೊಚ್ಚಿಕೊಂಡು ಹೋಗಿತ್ತು. ನೀರು ಇಳಿಯಲಿ ಎಂದು ಒಂದು ಹಗಲು ಕಾದರು, ಇಳಿಯಲಿಲ್ಲ. ಕಡೆಗೆ ಹಳ್ಳದ ಈಚೆ ದಂಡೆಯಲ್ಲೇ, ಶಾಲೆಗೆ ಹೋಗುವ ಕಾಲುದಾರಿಯ ಪಕ್ಕ, ಒಂದು ಮತ್ತಿಮರದ ಬುಡದಲ್ಲಿ ಹೂಳಿದರು. ಆಮೇಲೆ ಪಾದ್ರಿಗಳು ಬಂದು ತೀರ್ಥ ಚಿಮುಕಿಸಿ ಮಂತ್ರಿಸಿ ಹೋದರು. ಆದರೆ ಅದು ಸರ್ಕಾರಿ ಕಾಡು. ಗಾರ್ಡು ಬಂದು, ಆದದ್ದು ಆಯ್ತು, ಶಿಲುಬೆ ಗಿಲುಬೆ ನೆಟ್ಟರೆ ಕಿತ್ತು ಎಸೀತೀನಿ ಎಂದ. ಒಂದು ಮಳೆಗಾಲ ಕಳೆಯುವುದರಲ್ಲಿ ಮಣ್ಣಿನ ದಿಬ್ಬ ಕರಗಿ ಅಲ್ಲಿ ತಗಚೆ ಗಿಡ ಎದ್ದಿತು. ದನ ಅದರ ಮೇಲೆಯೇ ತುಳಿದುಕೊಂಡು ಹೋಗುತ್ತಿದ್ದವು. ನಾನು ನೀರಿಗೆ ಹೋದಾಗೆಲ್ಲ ಓಡಿಸುತ್ತಿದ್ದೆ.

ಅಲ್ಲಿಂದ ಅಪ್ಪನಿಗೆ ಒಂದೇ ಹಂಬಲ. ಬೋಗಿಹಕ್ಲಿನಲ್ಲಿ ನಮ್ಮವರನ್ನು ಹೂಳಲು ನಮಗೊಂದು ಸ್ವಂತ ಸಿಮಿತ್ರಿ ಬೇಕು. ಸುತ್ತ ಅಗಳ, ನಡುವೆ ಶಿಲುಬೆ. ಮೊನ್ನಿಕಾಳನ್ನು ಎತ್ತಿ ಅಲ್ಲಿ ಇಡಬೇಕು, ಪಕ್ಕದಲ್ಲಿ ತಾನು ಮಲಗಬೇಕು. ಪಂಚಾಯತಿಗೆ ಹೋಗಿ ಕೇಳಿದ, ತಾಲೂಕು ಕಚೇರಿಗೂ ಹೋಗಿ ಬಂದ. ಜಾಗ ಎಲ್ಲಿದೆ ಎಂದು ಎಲ್ಲರೂ ಅವನನ್ನೇ ಕೇಳಿದರು.

ಹೀಗಿರುವಾಗ ಪಂಚಾಯತಿ ಚುನಾವಣೆ ಬಂತು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಅದು ಮೊದಲ ಓಟು. ನಮ್ಮ ಭಾಗಕ್ಕೆ ಇಬ್ಬರು ನಿಂತಿದ್ದರು. ಒಬ್ಬರು ಜಮೀನಿನ ಒಡೆಯರಾದ ಮುಕುಂದಯ್ಯ, ಅವರದು ಕೊಡೆ ಗುರುತು. ಇನ್ನೊಬ್ಬ ಮುಳುಗಡೆಯಿಂದ ಬಂದ ಜಟ್ಟಿಂಗಪ್ಪ, ಗೇಣಿ ರೈತರ ಪರವಾಗಿ ಓಡಾಡುತ್ತಿದ್ದವನು, ಏಣಿ ಗುರುತು. ಮುಕುಂದಯ್ಯನವರು ಕೆಟ್ಟ ಮನುಷ್ಯರಲ್ಲ. ಆಡಿದ ಮಾತಿಗೆ ತಪ್ಪುವವರಲ್ಲ, ಕೂಲಿಯನ್ನು ನಾಳೆ ಬಾ ಎಂದವರಲ್ಲ. ಅವರು ಅಪ್ಪನನ್ನು ಕರೆಸಿದರು.

"ಕೂತ್ಕಳ ಸಾವೇರ," ಎಂದು ಜಗಲಿಯಲ್ಲಿ ಕವಳದ ತಟ್ಟೆ ಮುಂದೆ ಸರಿಸಿದರಂತೆ. "ಹೆಣ ಹೊತ್ಕಂಡು ಎಷ್ಟು ವರ್ಷ ಅಲೀತೀರಿ ನೀವು? ನನ್ನ ಜಾಗದಲ್ಲೇ ಒಂದು ತುಂಡು ಕೊಡ್ತೀನಿ. ನಿಮ್ಮ ಕೇರಿ ಓಟು ಅಷ್ಟೂ ಕೊಡೆಗೆ ಬೀಳ್ಬೇಕು."

ಅಪ್ಪ ಎಲೆಗೆ ಸುಣ್ಣ ಹಚ್ಚಿ ಕವಳ ಹಾಕಿದ. ನಮ್ಮ ಕಡೆ ಕವಳ ಹಾಕಿ ಒಪ್ಪಿದರೆ ಮುಗಿಯಿತು, ಕಾಗದ ಬೇಡ, ಸಾಕ್ಷಿ ಬೇಡ. ತೆನೆ ಹಬ್ಬಕ್ಕೆ ಅಕ್ಕಿ ಎತ್ತುವ ಗುರ್ಕಾರ ಓಟನ್ನೂ ಹಾಗೆಯೇ ಎತ್ತಿ ಕೊಡಬಹುದು ಎಂದು ಅವನು ನಂಬಿದ್ದ. ಒಂದು ಮನೆಯನ್ನೂ ಕೇಳಲಿಲ್ಲ. ಯಾವ ಜಾಗ ಎಂದೂ ಕೇಳಲಿಲ್ಲ. ಮನೆಗೆ ಬಂದವನು, "ಅಮ್ಮನಿಗೆ ಜಾಗ ಆಯ್ತು," ಎಂದ. ಅವನ ಬಾಯಿ ಕೆಂಪಗಿತ್ತು. ಅಮ್ಮ ಹೋದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಯಾವ ಜಾಗ ಎಂದು ನಮಗೆ ತಿಳಿದದ್ದು ಬೆಳ್ಳಮ್ಮನಿಂದ. ಬೆಳ್ಳಮ್ಮ ನಮ್ಮ ಕೆಳಗಿನ ಮನೆಯ, ಮುಳುಗಡೆಯಿಂದ ಬಂದ ಗುತ್ಯಪ್ಪನ ಹೆಂಡತಿ. ಒಂದು ಬೆಳಿಗ್ಗೆ ಬಂದವಳು ಅಂಗಳದ ಆಚೆಯೇ ನಿಂತಳು.

"ಗುರ್ಕಾರ್ರೇ, ನಮ್ಮ ಹಕ್ಲು ನಿಮ್ಮ ಹೆಣಕ್ಕಂತೆ. ಹೌದನಾ?"

ಅಪ್ಪನ ಕೈಯಲ್ಲಿ ಗರಗಸಕ್ಕೆ ಹಲ್ಲು ಮಾಡುವ ಅರ ಇತ್ತು. ಅದು ಹಾಗೆಯೇ ನಿಂತಿತು.

"ಯಾರು ಹೇಳಿದ್ದು?"

"ಒಡೇರ ಕಡೆ ಚಂದ್ರಯ್ಯ. ಮಳೆ ಹಿಡಿಯೋದ್ರೊಳಗೆ ಬಿಡ್ಬೇಕಂತೆ. ಹೊಳೆ ಒಂದ್ಸಲ ತಿಂತು. ಈಗ ನೀವು."

ಅಷ್ಟು ಹೇಳಿ ಅವಳು ಹೋದಳು. ಬೈದಿದ್ದರೆ ನಾವೂ ಬೈಯಬಹುದಿತ್ತು.

ಗುತ್ಯಪ್ಪ ನಮಗೇನು ನೆಂಟನಲ್ಲ, ಇಷ್ಟನಲ್ಲ. ಅವನ ಹೋರಿ ನಮ್ಮ ಬಸಳೆ ಚಪ್ಪರವನ್ನು ತಿಂದಷ್ಟು ನಾವು ತಿಂದಿಲ್ಲ. ಒಮ್ಮೆ ಅಪ್ಪ ಕಲ್ಲು ಬೀರಿ ಅದರ ಕಾಲು ಕುಂಟಾಗಿ, ಗುತ್ಯಪ್ಪ ಕುಡಿದು ಬಂದು ನಮ್ಮ ಏಳು ತಲೆಮಾರನ್ನು ಜಾಲಾಡಿದ್ದ. ಆದರೆ ಆ ಹಕ್ಲು, ಆ ಒಂದು ತುಂಡು ನೆಲ, ಅವನ ಅನ್ನ. ಮುಕುಂದಯ್ಯನವರಿಂದ ಬಾಯಿಮಾತಿನ ಗೇಣಿಗೆ ಪಡೆದು, ಕಲ್ಲು ಕಿತ್ತು, ಗದ್ದೆ ಮಾಡಿದ್ದ. ಉಳುವವನು ಅರ್ಜಿ ಹಾಕಿದರೆ ಭೂಮಿ ಅವನಿಗೇ ಎಂಬ ಸುದ್ದಿ ಆಗ ಊರೂರು ತಿರುಗುತ್ತಿತ್ತು. ಸಿಮಿತ್ರಿಯ ಮೇಲೆ ಯಾರೂ ಗೇಣಿ ಹಕ್ಕು ಕೇಳುವುದಿಲ್ಲ. ಒಡೆಯರ ಲೆಕ್ಕ ಅದು. ಅಪ್ಪನಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ.

"ಗುತ್ಯಪ್ಪನಿಗೆ ಬೇರೆ ಕಡೆ ಸಿಗುತ್ತೆ," ಎಂದೆ ನಾನು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಆ ಮಾತು ಕೊಂಕಣಿಯಲ್ಲೂ ಇಷ್ಟೇ ಒರಟಾಗಿತ್ತು.

ಅಪ್ಪ ಮಾರನೆಯ ದಿನ ಸಾಗರಕ್ಕೆ ನಡೆದ, ಪಾದ್ರಿಗಳನ್ನು ಕಾಣಲು. ಒಂದು ಉಪಾಯ ಹೂಡಿಕೊಂಡು ಹೋಗಿದ್ದ. ತಾನು ಓಟೇ ಹಾಕದಿದ್ದರೆ? ಏಣಿಗೆ ಹಾಕದಿದ್ದರೆ ಒಡೆಯರಿಗೆ ದ್ರೋಹವಿಲ್ಲ, ಕೊಡೆಗೆ ಹಾಕದಿದ್ದರೆ ಗುತ್ಯಪ್ಪನಿಗೆ ದ್ರೋಹವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ, ಲೋಕದ ಗೊಡವೆ ಬಿಟ್ಟು ಪ್ರಾರ್ಥನೆ ಮಾಡುತ್ತೇನೆ ಎಂದು ಪಾದ್ರಿಗಳ ಮುಂದೆ ಭಕ್ತಿಯ ಬಣ್ಣವನ್ನೂ ಹಚ್ಚಿದನಂತೆ.

ಪಾದ್ರಿಗಳು ಘಟ್ಟದ ಕೆಳಗಿನ ಮುದುಕರು, ಮೂಗಿನ ಮೇಲೇ ಸಿಟ್ಟು. "ಹೆಣ ಹೂಳೋದಕ್ಕೆ ಈ ಊರಿನ ಮಣ್ಣು ಬೇಕು, ಊರಿನ ಓಟು ಬೇಡವೋ?" ಎಂದರಂತೆ. "ದೇವರು ನಿನ್ನ ನೆರೆಯವನನ್ನು ಪ್ರೀತಿಸು ಅಂದದ್ದು ಊರು ಬಿಟ್ಟು ಗುಹೆಯಲ್ಲಿ ಕೂತು ಪ್ರೀತಿಸು ಅಂತಲ್ಲ. ಓಟು ಹಾಕೋದು ನಿನ್ನ ಕರ್ತವ್ಯ, ಸಾವೇರ್."

"ಯಾರಿಗೆ ಹಾಕಲಿ ಫಾದರ್?"

"ಅದನ್ನ ನಾನು ಹೇಳುವಂತಿಲ್ಲ. ಹೇಳಿದರೆ ಅದು ನನ್ನ ಓಟಾಗುತ್ತೆ. ನಿನ್ನ ಮನಸ್ಸಾಕ್ಷಿಯನ್ನ ಕೇಳು."

"ನನ್ನ ಮನಸ್ಸಾಕ್ಷಿ ಆಗಲೇ ಒಡೇರ ಜಗಲಿಯಲ್ಲಿ ಕವಳ ಹಾಕಿ ಬಂದಿದೆ," ಎಂದನಂತೆ ಅಪ್ಪ. ಮನೆಗೆ ಬಂದು ಇದನ್ನು ಹೇಳುವಾಗ ಅವನು ನಗಲಿಲ್ಲ.

ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರ ಬಂತು. ಪಾದ್ರಿಗಳಿಗೆ ಸಾಗರದಲ್ಲೇ ಕೆಲಸ, ಆದ್ದರಿಂದ ಯೇಸುವಿನ ಯಾತನೆಯ ಪಾಠವನ್ನು ನಮ್ಮ ಕೇರಿಯಲ್ಲಿ ಗುರ್ಕಾರನೇ ಓದಬೇಕು. ಮುಂಚೆ ಎಲ್ಲವೂ ಲ್ಯಾಟಿನ್ನಿನಲ್ಲಿ. ತಲೆ ಬಗ್ಗಿಸಿ ನಿಂತರೆ ಸಾಕಿತ್ತು, ಅರ್ಥದ ತಲೆನೋವಿರಲಿಲ್ಲ. ಕನ್ನಡದಲ್ಲಿ ಓದುವುದು ಬಂದು ಹೆಚ್ಚು ಕಾಲವಾಗಿರಲಿಲ್ಲ. ಪಾಸ್ಕು ಎಂಬ ನಮ್ಮವನೊಬ್ಬನ ಅಂಗಳದಲ್ಲಿ ಎಲ್ಲರೂ ತೆಂಗಿನ ಸುಳಿಗರಿ ಹಿಡಿದು ನಿಂತೆವು. ಪಾಸ್ಕು ಗರಗಸದಲ್ಲಿ ಅಪ್ಪನ ಜೊತೆಗಾರ, ಕುಳಿಯೊಳಗೆ ನಿಂತು ಎಳೆಯುವವನು. ಅಪ್ಪ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಪದ ಬಿಡಿಸಿ ಓದಿದ.

ಹಣಕ್ಕೆ ಗುರುವನ್ನು ಹಿಡಿದುಕೊಟ್ಟ ಶಿಷ್ಯ ಪಶ್ಚಾತ್ತಾಪಪಟ್ಟು ಹಣವನ್ನು ದೇವಾಲಯದಲ್ಲಿ ಎಸೆದು ಹೋಗುವ ಕಡೆಗೆ ಪಾಠ ಬಂತು. ರಕ್ತದ ಹಣವನ್ನು ಕಾಣಿಕೆ ಪೆಟ್ಟಿಗೆಗೆ ಹಾಕುವಂತಿಲ್ಲವೆಂದು ಅಲ್ಲಿನ ದೊಡ್ಡವರು ಒಂದು ಹೊಲ ಕೊಂಡರು. ಯಾತಕ್ಕೆಂದರೆ, ಪರಊರಿನಿಂದ ಬಂದು ಸತ್ತವರನ್ನು ಹೂಳುವುದಕ್ಕೆ. ಅಲ್ಲಿಗೆ ಬಂದಾಗ ಅಪ್ಪನ ಬೆರಳು ನಿಂತಿತು. ಪುನಃ ಸಾಲಿನ ಮೊದಲಿಗೆ ಹೋಗಿ ಮತ್ತೊಮ್ಮೆ ಓದಿದ, ಈ ಸಲ ತನಗಾಗಿ. ನಾವೆಲ್ಲ ಪರಊರಿನವರೇ, ನಮಗೆಲ್ಲ ಆ ಹಕ್ಲಿನ ಸಂಗತಿ ಗೊತ್ತಿತ್ತು.

ಪಾಠ ಮುಂದುವರಿದು, ಯೇಸುವಿನ ಸಾವಿಗೆ ತಾನು ಹೊಣೆಯಲ್ಲವೆಂದು ಅಧಿಕಾರಿ ಜನರ ಮುಂದೆ ನೀರು ತರಿಸಿ ಕೈ ತೊಳೆದುಕೊಳ್ಳುವಲ್ಲಿಗೆ ಬಂತು. ಅಪ್ಪನ ದನಿ ಇನ್ನಷ್ಟು ಇಳಿಯಿತು. ಓಟೇ ಹಾಕುವುದಿಲ್ಲ ಎಂಬ ಅವನ ಉಪಾಯ ಅಲ್ಲಿಗೆ ಸತ್ತಿತು ಎಂದು ನನಗೆ ಗೊತ್ತಾಯಿತು.

ಓದು ಮುಗಿದ ಮೇಲೆ ಅವನು ಪುಸ್ತಕ ಮುಚ್ಚಿ ಅಲ್ಲೇ ನಿಂತ.

"ಒಡೇರಿಗೆ ನಿಮ್ಮೆಲ್ಲರ ಓಟು ಕೊಡ್ತೀನಿ ಅಂತ ಒಪ್ಪಿ ಬಂದಿದ್ದೆ," ಎಂದ. "ಅದು ನನ್ನದಾಗಿರಲಿಲ್ಲ. ಗರಗಸ ಹಿಡಿದಾಗ ಮೇಲೆ ನಿಂತವನು ಗೆರೆ ನೋಡ್ತಾನೆ, ಕುಳಿಯಲ್ಲಿರೋನು ಕಣ್ಣಿಗೆ ಹುಡಿ ಬೀಳುತ್ತೆ ಅಂತ ಕಣ್ಣು ಮುಚ್ಚಿ ಎಳೀತಾನೆ. ಇಷ್ಟು ದಿನ ಓಟಿನಲ್ಲೂ ಹಾಗೇ ಮಾಡಿದ್ವಿ. ಈ ಸಲ ಗೆರೆ ನೀವೇ ನೋಡ್ಕೊಳ್ಳಿ. ನಾನು ಹೇಳೋದಿಲ್ಲ. ನೀವು ನನಗೆ ಹೇಳೋದೂ ಬೇಡ. ಹೋಗದೆ ಮಾತ್ರ ಇರಬೇಡಿ."

"ಸಿಮಿತ್ರಿ?" ಎಂದು ಪಾಸ್ಕು ಕೇಳಿದ.

"ಅದನ್ನೂ ನೆನಪಿಟ್ಟುಕೊಂಡೇ ಹಾಕಿ," ಎಂದ ಅಪ್ಪ.

ಒಡೆಯರಿಗೆ ಹೋಗಿ ಮಾತು ವಾಪಸ್ ಕೊಟ್ಟು ಬರಬೇಕಿತ್ತು. ಅವನು ಹೋಗಲಿಲ್ಲ. ನಾಳೆ ನಾಳೆ ಎಂದ. ಅವರ ತೋಟದ ಮರವೇ ನಮ್ಮ ಹೊಟ್ಟೆಯ ದಾರಿ, ಅವನಿಗೂ ಹೆದರಿಕೆ ಇತ್ತು. ಓಟು ಹೇಗೂ ಗುಟ್ಟಿನದು, ಡಬ್ಬದೊಳಗೆ ಬಿದ್ದ ಚೀಟಿಗೆ ಹೆಸರಿಲ್ಲ. ಆ ಗುಟ್ಟಿನ ಹಿಂದೆ ಅವಿತುಕೊಂಡ. ನನ್ನ ಅಪ್ಪನನ್ನು ಸಂತನೆಂದು ಹೇಳುವವರು ಇದನ್ನೂ ಸೇರಿಸಿ ಹೇಳಲಿ.

ಈಸ್ಟರ್ ಕಳೆದು ಓಟಿನ ದಿನ ಬಂತು. ಮತಗಟ್ಟೆ ಶಾಲೆಯಲ್ಲಿ, ದಾರಿ ಅಮ್ಮನ ಮತ್ತಿಮರದ ಪಕ್ಕದಲ್ಲೇ. ಅಪ್ಪ ಅಲ್ಲಿ ನಿಂತು ಶಿಲುಬೆ ಗುರುತು ಹಾಕಿಕೊಂಡ, ನಾನೂ ಹಾಕಿಕೊಂಡೆ. ಇಬ್ಬರೂ ಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದೆವು. ನಾನು ಕೊಡೆಗೇ ಒತ್ತಿದೆ. ಅಮ್ಮನಿಗೆ ಹಾಕಿದೆ ಎಂದುಕೊಂಡು ಒತ್ತಿದೆ. ಇಂದಿಗೂ ಅದನ್ನು ಪಾಪವೆಂದು ಯಾವ ಪಾದ್ರಿಗಳ ಮುಂದೆಯೂ ಮೊಣಕಾಲೂರಿ ಹೇಳಿಲ್ಲ.

ಮುಕುಂದಯ್ಯನವರು ಗೆದ್ದರು. ಕೇರಿಯ ಓಟು ಬಂದೇ ಗೆದ್ದೆ ಎಂದು ಅವರು ತಿಳಿದರು. ಮಾತಿಗೆ ತಪ್ಪುವವರಲ್ಲ ಎಂದೆನಲ್ಲ, ವಾರ ತುಂಬುವುದರೊಳಗೆ ಹೇಳಿಕಳಿಸಿದರು. ಸೋಮವಾರ ಜಾಗ ಅಳೆಸುತ್ತೇನೆ, ಗುರ್ಕಾರ ಹಗ್ಗ ಗೂಟ ತೆಗೆದುಕೊಂಡು ಬರಲಿ.

ನಾನು ಅಪ್ಪನಿಗೆ ಹೇಳಿದೆ. "ನೀನು ಯಾರಿಗೆ ಹಾಕಿದ್ದೀಯೋ ನನಗೆ ಗೊತ್ತಿಲ್ಲ. ಯಾರೂ ಕೇಳುವುದೂ ಇಲ್ಲ. ಬಾಯಿ ಮುಚ್ಚಿಕೊಂಡು ಹೋಗಿ ಅಳತೆ ಹಿಡಿ. ಅಮ್ಮನ ಮೇಲೆ ದನ ನಡೆದದ್ದು ಸಾಕು." ಹೇಳುತ್ತ ಅಳು ಬಂತು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಗರಗಸ ಹಿಡಿದ ಕೈ, ಕೂದಲಿಗೆ ಸಿಕ್ಕಿಕೊಳ್ಳುವಷ್ಟು ದೊರಗು.

ಸೋಮವಾರ ಅವನು ಬರಿಗೈಯಲ್ಲಿ ಹೊರಟ. ನಾನು ಹಿಂದೆಯೇ ಹೋದೆ. ಹಕ್ಲಿನಲ್ಲಿ ಮುಕುಂದಯ್ಯ, ಚಂದ್ರಯ್ಯ, ನಮ್ಮ ಕೇರಿಯ ಗಂಡಸರು. ಬೇಲಿಯ ಹತ್ತಿರ ಗುತ್ಯಪ್ಪ ಬೆಳ್ಳಮ್ಮ ನಿಂತಿದ್ದರು. ಗೊಬ್ಬರದ ಗುಪ್ಪೆಗಳನ್ನು ಆಗಲೇ ಹಾಕಿಟ್ಟಿದ್ದರು, ಹರಡಿರಲಿಲ್ಲ.

"ಹಗ್ಗ ಎಲ್ಲಿ ಸಾವೇರ?" ಎಂದರು ಒಡೆಯರು.

"ತರಲಿಲ್ಲ ಒಡೇರೆ. ನಾನು ನಿಮಗೆ ಓಟು ಹಾಕಲಿಲ್ಲ."

ಮುಕುಂದಯ್ಯನವರು ಒಂದು ಕ್ಷಣ ಅವನ ಮುಖವನ್ನೇ ನೋಡಿದರು. "ನಿನ್ನ ಯಾರು ಕೇಳಿದ್ರು? ಅದು ಗುಟ್ಟಿನದು. ಹೇಳ್ಲೇಬೇಕು ಅಂತಿಲ್ಲ."

"ನಾಳೆ ನಾನು ಇದೇ ಮಣ್ಣಲ್ಲಿ ಮಲಗಬೇಕಲ್ಲ. ಅಡೀಲಿ ಸುಳ್ಳು ಹಾಸ್ಕೊಂಡು ಹ್ಯಾಗೆ ಮಲಗ್ಲಿ?"

"ಕೇರಿಯವರು?"

"ಅವರದ್ದು ನನಗೆ ಗೊತ್ತಿಲ್ಲ. ಕೇಳಲಿಲ್ಲ. ನಿಮಗೆ ಮಾತು ಕೊಟ್ಟು ತಪ್ಪಿದವ ನಾನೊಬ್ಬ. ಮೊದಲೇ ಬಂದು ಹೇಳ್ಬೇಕಿತ್ತು, ಹೆದರಿದೆ. ಅದಕ್ಕೆ ಕೈ ಮುಗೀತೀನಿ. ಈ ಜಾಗ ಮಾತ್ರ ನಮಗೆ ಬೇಡ. ಇದರಲ್ಲಿ ಇನ್ನೂ ಅನ್ನ ಬೆಳೀತದೆ."

ಒಡೆಯರ ಮುಖ ಕೆಂಪಾಯಿತು. ಅವಮಾನವೂ ಇತ್ತು, ನೋವೂ ಇತ್ತು. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಬಂದವರನ್ನು ಹತ್ತು ಜನರ ಎದುರು ನಿಲ್ಲಿಸಿದ್ದು ಅಪ್ಪನದೇ ತಪ್ಪು. ಅವರು ಕವಳ ಉಗಿದು, "ಹಂಗಾದ್ರೆ ನಿಮ್ಮ ಹೆಣ ನೀವೇ ಹೊತ್ಕಂಡು ತಿರುಗಿ," ಎಂದು ಹೊರಟುಹೋದರು. ಆಮೇಲೆ ಅವರ ತೋಟದಲ್ಲಿ ಅಪ್ಪನಿಗೆ ಕೆಲಸ ಸಿಗಲಿಲ್ಲ. ತೀರ್ಥಹಳ್ಳಿಯವರೆಗೂ ಗರಗಸ ಹೊತ್ತು ಹೋಗಿ ಬರುತ್ತಿದ್ದ.

ಗುತ್ಯಪ್ಪ ಗುದ್ದಲಿ ತೆಗೆದುಕೊಂಡು ಗೊಬ್ಬರ ಹರಡಲು ಶುರುಮಾಡಿದ. ಆ ಹಕ್ಲಿನಿಂದ ಅವನನ್ನು ಮತ್ತೆ ಯಾರೂ ಏಳಿಸಲಿಲ್ಲ. ಆ ವರ್ಷ ಪೈರು ಚೆನ್ನಾಗಿ ಬಂತು. ಅವನ ಕುಂಟು ಹೋರಿ ನಮ್ಮ ಬಸಳೆಯನ್ನು ಎಂದಿನಂತೆ ತಿಂದಿತು.

ಮುಂದಿನ ಮಳೆಗಾಲ ಅಪ್ಪ ಜ್ವರ ಹಿಡಿದು ಸತ್ತ. ಹಳ್ಳ ಆಗಲೂ ತುಂಬಿತ್ತು. ಅವನಿಗೆ ಪೆಟ್ಟಿಗೆ ಮಾಡಿದ್ದು ಪಾಸ್ಕು. ಸಾಗರಕ್ಕೆ ಒಯ್ಯುವ ಮಾತನ್ನೇ ಯಾರೂ ಎತ್ತಲಿಲ್ಲ. ನಾನು ಮುಂದೆ ನಡೆದು ಅಮ್ಮನ ಮತ್ತಿಮರದ ಹತ್ತಿರ ಹೋದರೆ, ಅಲ್ಲಿ ಆಗಲೇ ಯಾರೋ ಗುಂಡಿ ತೆಗೆಯುತ್ತಿದ್ದರು. ಸೊಂಟದವರೆಗೆ ಇಳಿದಿದ್ದ, ಮಳೆಗೆ ಹೊದೆಯುವ ಗೊರಬು ಪಕ್ಕಕ್ಕೆ ಎಸೆದು ತೊಯ್ದಿದ್ದ. ಗುತ್ಯಪ್ಪ.

"ನಿಮ್ಮನ್ನು ಯಾರು ಕರೆದರು?" ಎಂದೆ. ಅಳುವಿನಲ್ಲೂ ನನ್ನ ನಾಲಗೆ ಸುಮ್ಮನಿರುವುದಿಲ್ಲ.

"ಯಾರೂ ಇಲ್ಲ. ನನ್ನ ಹೋರಿ ಕಾಲು ಮುರಿದ ಮನುಷ್ಯ," ಎಂದು ಅವನು ಅಗೆಯುತ್ತಲೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ ಗುದ್ದಲಿ ಊರಿ ನಿಂತು ಕೇಳಿದ. "ನಿನ್ನಪ್ಪ ಯಾರಿಗೆ ಹಾಕಿದ್ದ, ಗೊತ್ತಾ?"

"ಒಡೇರಿಗೆ ಹಾಕಲಿಲ್ಲ ಅಂತ ನಿಮ್ಮೆದುರೇ ಹೇಳಿದನಲ್ಲ. ಜಟ್ಟಿಂಗಪ್ಪನಿಗೆ ಇರಬೇಕು."

ಗುತ್ಯಪ್ಪ ತಲೆ ಅಲ್ಲಾಡಿಸಿದ. ಮುಖದ ಮೇಲಿನ ಮಳೆನೀರನ್ನು ಮಣ್ಣಿನ ಕೈಯಲ್ಲೇ ಒರೆಸಿಕೊಂಡ.

"ನಂಗೆ ಹಾಕಿದ್ದ ಕಣೇ," ಎಂದ. ಆಮೇಲೆ, ಅಮ್ಮ ಯಾವ ಮಗ್ಗುಲಿಗೆ ಇದ್ದಾಳೆ, ಆ ಕಡೆ ಗುದ್ದಲಿ ತಾಗಬಾರದು, ಸರಿಯಾಗಿ ತೋರಿಸು ಎಂದ. ನಾನು ತೋರಿಸಿದೆ.